ನದಾಫ ಸರ್ ಊದದೇ ಬಿಟ್ಟ ಸೀಟಿ

ಹೆಸರುಕಾಯಿ ಬಿಸಿಲಿಗೆ ಒಣಗುವ ವಾಸನೆ ಬಂದರೆ ಬೇರೆಯವರಿಗೆ ಹೊಲ ನೆನಪಾಗುತ್ತದೋ ಏನೋ, ನನಗೆ ಬಾಸ್ಕೆಟ್‌ಬಾಲ್ ಅಂಗಳ ನೆನಪಾಗುತ್ತದೆ. ಕಳೆದ ತಿಂಗಳು ಪರಿಚಯದವರ ವಾಸ್ತುಶಾಂತಿಗೆಂದು ಗುಡಗೇರಿ ಸ್ಟೇಷನ್ನಿನಲ್ಲಿ ಇಳಿದೆ. ಹೊರಗಿನ ಡಾಂಬರು ರಸ್ತೆಯ ಅರ್ಧಕ್ಕೆ ಹೆಸರು ಹರವಿದ್ದರು. ಟ್ರ್ಯಾಕ್ಟರು ಅದರ ಮೇಲೆ ಹಾಯ್ದಾಗಲೆಲ್ಲ ಚಟಚಟನೆ ಕಾಯಿ ಒಡೆಯುತ್ತಿತ್ತು. ಆ ಹಸಿಬಿಸಿ ವಾಸನೆಗೆ ನಾನು ಚೀಲ ಕೆಳಗಿಟ್ಟು ಅಲ್ಲೇ ನಿಂತುಬಿಟ್ಟೆ. ಸಂಶಿಯಲ್ಲಿ ನಾನು ಕಳೆದ ಮೊದಲ ಮುಂಗಾರು ಅಷ್ಟೂ ಕಣ್ಣ ಮುಂದೆ ಬಂತು.

ಸಂಶಿಯ ಹೈಸ್ಕೂಲಿಗೆ ದೈಹಿಕ ಶಿಕ್ಷಕಿಯಾಗಿ ಹೋದಾಗ ನನಗೆ ಇಪ್ಪತ್ತಾರು. ಧಾರವಾಡದಲ್ಲಿ ಹುಟ್ಟಿ ಬೆಳೆದವಳು. ನಮ್ಮಪ್ಪ ಕಚೇರಿ ಕೆಲಸದವರು, ಅವ್ವ ಕನ್ನಡಸಾಲಿ ಟೀಚರು. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದ್ದೆ, ಆದ್ದರಿಂದ ಆಟದ ಬಗ್ಗೆ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂಬ ಜಂಬವೂ ಇತ್ತು. ಶಾಲೆಯ ಹಿಂದೆ ಯಾರೋ ಪುಣ್ಯಾತ್ಮರು ಸಿಮೆಂಟಿನ ಅಂಗಳ ಮಾಡಿಸಿಕೊಟ್ಟಿದ್ದರು. ಕೆಳಗೆ ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಗಾಲದಲ್ಲಿ ಉಬ್ಬುವ ಆ ಮಣ್ಣಿನ ಮೇಲೆ ಸಿಮೆಂಟು ಎಷ್ಟು ದಿನ ಸುಮ್ಮನಿದ್ದೀತು? ಬುಟ್ಟಿಯ ಎಡಗಡೆ ಉದ್ದಕ್ಕೆ ಒಂದು ಸೀಳು ಬಿದ್ದಿತ್ತು. ಅಲ್ಲಿ ಚೆಂಡು ಪುಟಿಸಿದರೆ ಎತ್ತ ಹಾರುತ್ತದೆಂದು ದೇವರಿಗೇ ಗೊತ್ತು.

ಜೂನ್ ಕೊನೆಯ ವಾರ. ಬೆಳಗಿನ ಮಳೆ ನಿಂತಿತ್ತು. ನಮ್ಮ ಹುಡುಗಿಯರಿಗೂ ಗುಡಗೇರಿಯಿಂದ ಬಂದ ಹುಡುಗಿಯರಿಗೂ ಒಂದು ಪಂದ್ಯ ಆಡಿಸುತ್ತಿದ್ದೆ, ರೆಫ್ರಿ ನಾನೇ. ಕಾಂಪೌಂಡಿನ ಆಚೆ ಓಡುತ್ತ ಹೊರಟಿದ್ದ ಒಬ್ಬ ಮನುಷ್ಯ ನಿಂತುಕೊಂಡ. ನಲವತ್ತು ದಾಟಿದ, ಗಿಡ್ಡನೆಯ, ಒಣಗಿದ ಮೈಯ ಮನುಷ್ಯ. ಕಾಲಲ್ಲಿ ಕೆಸರು ಮೆತ್ತಿದ ಬೂಟು. ಪಂದ್ಯ ಮುಗಿಯುವವರೆಗೂ ಅಲ್ಲಾಡಲಿಲ್ಲ. ಮುಗಿದ ಮೇಲೆ ಗೇಟು ದಾಟಿ ಬಂದು, “ನಮಸ್ಕಾರ್ರಿ ಟೀಚರ. ನಾ ಗುಡಗೇರಿಯಂವ, ರಾಜೇಸಾಬ ನದಾಫ ಅಂತ,” ಎಂದರು. “ಬ್ಯಾಸರಾ ಮಾಡ್ಕೋಬ್ಯಾಡ್ರಿ, ಒಂದು ಮಾತು. ನೀವು ಸೀಟಿ ಊದಿದಾಗೆಲ್ಲಾ ನಿಮ್ಮ ಕಣ್ಣು ಚೆಂಡಿನ ಮ್ಯಾಲ ಇತ್ತು.”

ನನಗೆ ಸಿಟ್ಟೇ ಬಂತು. “ಚೆಂಡು ನೋಡದ ಮತ್ತೇನ್ ನೋಡಬೇಕ್ರಿ?”

“ಚೆಂಡು ಎಂದೂ ಫೌಲ್ ಮಾಡಂಗಿಲ್ರಿ,” ಎಂದು ನಕ್ಕು ಮತ್ತೆ ಓಡುತ್ತ ಹೋಗಿಬಿಟ್ಟರು.

ಹೆಡ್‌ಮಾಸ್ತರಿಗೆ ಇದನ್ನು ದೂರಿನ ಹಾಗೆ ಹೇಳಿದರೆ ಅವರು ಕುರ್ಚಿಯಿಂದ ಅರ್ಧ ಎದ್ದರು. “ನದಾಫ ಬಂದಿದ್ನಾ ನಮ್ಮ ಸಾಲಿಗೆ? ಒಳಗ ಕರೀಬೇಕಿಲ್ಲೇನವಾ! ದೇಶದಾಗ ದೊಡ್ಡ ದೊಡ್ಡ ಮ್ಯಾಚಿಗೆ ಸೀಟಿ ಊದಾಕ ಕರಸ್ತಾರ ಅಂವನ್ನ.”

ನಿಜವಿತ್ತು. ನದಾಫ ಸರ್ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಗುಮಾಸ್ತರು. ಅವರ ಅಪ್ಪ, ಅಜ್ಜ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದವರು. ಗುಡಗೇರಿಯ ಓಣಿಯಲ್ಲಿ ಈಗಲೂ ಅವರ ತಮ್ಮನ ಗಾದಿ ಅಂಗಡಿ ಇದೆ. ಕಾಲೇಜಿನ ಮೈದಾನದಲ್ಲಿ ಹುಡುಗರು ಆಡುವುದನ್ನು ನೋಡುತ್ತ ನೋಡುತ್ತ ರೆಫ್ರಿ ಪರೀಕ್ಷೆ ಕಟ್ಟಿ, ಒಂದೊಂದೇ ಮೆಟ್ಟಿಲು ಹತ್ತಿ, ಕೊನೆಗೆ ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡ ವೃತ್ತಿಪರ ಆಟಗಾರರ ಲೀಗಿನವರೆಗೆ ಹೋಗಿದ್ದರು. ಆ ವರ್ಷ ಮಳೆಗಾಲದಲ್ಲೇ ಲೀಗು ಇತ್ತು. ಅದಕ್ಕೆ ಮೊದಲು ಓಟದ ಪರೀಕ್ಷೆ. ಇಪ್ಪತ್ತೈದರ ಹುಡುಗರಿಗೆ ಇಟ್ಟ ಅಳತೆಯೇ ಅವರಿಗೂ. ಮೊಣಕಾಲು ನೋಯುತ್ತಿತ್ತು. ಈ ಸಲ ಓಟದಲ್ಲಿ ಹಿಂದೆ ಬಿದ್ದರೆ ಮತ್ತೆ ಕರೆ ಬರುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೇ ದಿನಾ ಬೆಳಿಗ್ಗೆ ಗುಡಗೇರಿಯಿಂದ ಸಂಶಿಯವರೆಗೆ ಓಡಿ ಬಂದು, ಪ್ಯಾಸೆಂಜರ್ ಗಾಡಿ ಹಿಡಿದು ಕೆಲಸಕ್ಕೆ ಹೋಗುತ್ತಿದ್ದರು.

ಮರುದಿನ ನಾನೇ ರಸ್ತೆಗೆ ಹೋಗಿ ನಿಂತೆ. “ಸರ್, ನನಗ ಕಲಸ್ತೀರೇನ್ರಿ?”

ಅವರು ನಿಲ್ಲಲಿಲ್ಲ. “ಕಲೀತೇನಂದ್ರ ಓಡಕೋತ ಬರ್ರಿ,” ಎಂದರು. ಚಪ್ಪಲಿಯಲ್ಲೇ ಓಡಿದೆ.

ನನ್ನ ಮೊದಲ ಪಾಠ ಅಂಗಳದಲ್ಲಿ ಆಗಲಿಲ್ಲ, ಗುಡಗೇರಿಯ ಸಂತೆಯಲ್ಲಿ ಆಯಿತು. ಮೆಣಸಿನಕಾಯಿ ಸಾಲಿನ ತಲೆಗೆ, ಎತ್ತರದ ಒಂದು ಕಟ್ಟೆಯ ಮೇಲೆ ನನ್ನನ್ನು ನಿಲ್ಲಿಸಿದರು. ಕೆಳಗೆ ಜನವೋ ಜನ. “ಆ ಹಸರ ಪಟಗಾ ಸುತ್ತಿದ ಕಾಕಾಗ, ಈ ಬುಟ್ಟಿ ಹೊತ್ತ ಅವ್ವಗ ಈಗ ಡಿಕ್ಕಿ ಆಕ್ಕೈತಿ, ನೋಡ್ರಿ.” ಹೇಳುವಷ್ಟರಲ್ಲಿ ಆಯಿತು. ಬುಟ್ಟಿಯಿಂದ ನಾಲ್ಕು ಬದನೆಕಾಯಿ ಉರುಳಿದವು. “ಯಾರ ತಪ್ಪು?”

“ಕಾಕಾಂದು. ಅವರ ಹೋಗಿ ಡಿಕ್ಕಿ ಹೊಡದ್ರು.”

“ಕಾಕಾ ಮೊದಲ ಅಲ್ಲಿ ನಿಂತಿದ್ರು, ಕಾಲು ಎರಡೂ ನೆಲದಾಗ ಊರಿದ್ವು. ಅವ್ವ ಹಿಂದ ಹೊಳ್ಳಿ ನೋಡಕೋತ ಬಂದ್ಲು. ನೀವು ಬದನಿಕಾಯಿ ನೋಡಿದ್ರಿ, ಬಿದ್ದಾಕಿ ಮ್ಯಾಲ ಕನಿಕರ ಬಂತು, ನಿಂತಾಂವಗ ಶಿಕ್ಷಾ ಕೊಟ್ರಿ.”

ಮಧ್ಯಾಹ್ನದವರೆಗೆ ಅದೇ ಆಟ. ಯಾರು ಮೊದಲು ಜಾಗ ಹಿಡಿದರು, ಯಾರು ಆಮೇಲೆ ಬಂದರು. ನೂರಾರು ಡಿಕ್ಕಿಗಳನ್ನು ನೋಡಿದೆ. ಮೊದಮೊದಲು ಅರ್ಧಕ್ಕರ್ಧ ತಪ್ಪು ಹೇಳಿದೆ. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. “ಇದು ನಡಕೋತ ಹೋಗೂ ಮಂದಿ,” ಎಂದರು ಕೊನೆಗೆ. “ಅಲ್ಲಿ ಆರೂವರಿ ಫೂಟಿನ ಹತ್ತು ಮಂದಿ ಜಿಂಕಿಗತೆ ಹಾರ್ತಾರ. ಇಪ್ಪತ್ತು ಕೈ. ಕಣ್ಣು ಮಿಟಕಿಸಿದ್ರ ಒಂದು ಹೋತು.”

ಅಂಗಳದಲ್ಲಿ ಕಲಿಸುವಾಗ ಅವರು ಹೇಳಿದ ಇನ್ನೊಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಹುಡುಗಿಯೊಬ್ಬಳನ್ನು ಬುಟ್ಟಿಯ ಕೆಳಗೆ ನಿಲ್ಲಿಸಿ ಎರಡೂ ಕೈ ನೆಟ್ಟಗೆ ಮೇಲೆತ್ತಿಸಿದರು. “ಈಕಿ ನಿಂತ ನೆಲ ಈಕೀದು. ಅದರ ಮ್ಯಾಲಿನ ಆಕಾಶಾನೂ ಈಕೀದು. ಸೀದಾ ಮ್ಯಾಲ ಜಿಗದ್ರ ಯಾರೂ ಕೇಳಂಗಿಲ್ಲ. ಬಂದಾಂವ ಈಕೀಗೆ ಬಡದು ಬಿದ್ದರ ಬೀಳಲಿ.” ಹುಡುಗಿ ಕೈ ಎತ್ತಿಕೊಂಡೇ ನಗುತ್ತಿದ್ದಳು, ಆಕಾಶ ತನ್ನದೆಂದು ಯಾರೂ ಅವಳಿಗೆ ಅಲ್ಲಿಯವರೆಗೆ ಹೇಳಿರಲಿಲ್ಲ.

ಜುಲೈ ಕೊನೆಗೆ ಅವರು ಓಟದ ಪರೀಕ್ಷೆ ಪಾಸಾದರು. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಲೀಗಿಗೆ ಹೊರಟರು. ಆಗಲೇ ಇತ್ತ ಹೆಸರು ಸುಗ್ಗಿ ಶುರುವಾಯಿತು. ಒಂದು ಬೆಳಿಗ್ಗೆ ಶಾಲೆಗೆ ಬಂದು ನೋಡಿದರೆ ನನ್ನ ಅಂಗಳದ ತುಂಬ ಹೆಸರುಕಾಯಿ! ಮೋಡ ಬಂದರೆ ಬಳಿದು ರಾಶಿ ಮಾಡಲು, ಬಿಸಿಲು ಬಂದರೆ ಹರವಲು ಊರಲ್ಲಿ ಅಷ್ಟು ಅಗಲದ ಸಿಮೆಂಟು ಬೇರೆಲ್ಲೂ ಇರಲಿಲ್ಲ. “ಹತ್ತು ದಿವಸ ಬಿಡ್ರಿ ಅಕ್ಕಾರ, ನಿಮ್ಮ ಆಟ ಎಲ್ಲಿ ಓಡಿ ಹೊಕ್ಕೈತಿ?” ಎಂದರು ಕಾಯಿ ಹರವುತ್ತಿದ್ದ ರೈತರು. ಹೌದು, ಕಾಳಿಗಿಂತ ಆಟ ದೊಡ್ಡದೇ? ಅಭ್ಯಾಸ ನಿಂತಿತು. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಗುಡಗೇರಿಯ ಗಾದಿ ಅಂಗಡಿಗೆ ಹೋಗತೊಡಗಿದೆ. ನದಾಫ ಸರ್ ಊದುವ ಪಂದ್ಯಗಳನ್ನು ಅಲ್ಲಿ ಮೊಬೈಲಿನಿಂದ ಟಿವಿಗೆ ಹಾಕಿ ನೋಡುತ್ತಿದ್ದರು.

ಹೊಸ ಗಾದಿಗಳ ಮೇಲೆ ಕೂತು ನೋಡುವ ಆ ಸುಖ! ಮುಂದೆ ಸರ್ ಅವರ ತಾಯಿ ಹುಸೇನಬಿ ಅಮ್ಮ, ಕಣ್ಣಿಗೆ ಪೊರೆ ಬಂದು ಮಂಜು ಮಂಜು. ಬಾಜೂಕ ಸರ್ ಹೆಂಡತಿ ಶಮೀಮ್ ಭಾಬಿ, ಅಂಗಡಿಯ ತಮ್ಮ, ಓಣಿಯ ನಾಲ್ಕು ಮನೆಯವರು. ಇಡೀ ದೇಶ ಚೆಂಡು ನೋಡುತ್ತಿದ್ದರೆ ಆ ಅಂಗಡಿಯಲ್ಲಿ ಮಾತ್ರ ಎಲ್ಲರೂ ರೆಫ್ರಿಯನ್ನು ನೋಡುತ್ತಿದ್ದರು. ಎದ್ದು ಕಾಣುವ ಆಟಗಾರ ಎಂಥ ಬುಟ್ಟಿ ಹಾಕಿದರೂ ಯಾರೂ ಚಪ್ಪಾಳೆ ಹೊಡೆಯುತ್ತಿರಲಿಲ್ಲ. ಮೂಲೆಯಲ್ಲಿ ಬೂದು ಅಂಗಿಯ ಗಿಡ್ಡ ಮನುಷ್ಯ ಒಂದು ಹೆಜ್ಜೆ ಸರಿದರೆ, “ಅಗಾ, ಅಲ್ಲದಾನ!” ಎಂದು ಕೂಗುತ್ತಿದ್ದರು. ಅಮ್ಮ ಮಾತ್ರ ಮಗನ ಬಗ್ಗೆ ಕ್ಷಣಕ್ಕೊಮ್ಮೆ ಕೇಳುತ್ತಿದ್ದರು, “ನಮ್ಮ ರಾಜ್ಯಾ ಎಲ್ಲಿ? ಓಡಾಕತ್ತಾನೋ ಕುಂತಾನೋ?”

“ರೆಫ್ರಿ ಕುಂದ್ರಂಗಿಲ್ರಿ ಅಮ್ಮ.”

“ಅಷ್ಟೊತ್ತು ಓಡ್ತಾನ? ನೀರರ ಕೊಡ್ತಾರಿಲ್ಲೋ?”

ನಾನು ಆಡಿದವಳು, ಆಡಿಸಿದವಳು. ಆದರೂ ಆ ದಿನಗಳಲ್ಲಿ ಬಾಯಿ ತೆರೆದು ಕೂತೆ. ಆಟಗಾರ ದಣಿದರೆ ಬೆಂಚಿನಲ್ಲಿ ಕೂರುತ್ತಾನೆ, ಇವರು ಕೂರುವಂತಿಲ್ಲ. ಚೆಂಡು ಕೈ ಬದಲಾದ ಕೂಡಲೇ, ತಮಗಿಂತ ಒಂದು ಮೊಳ ಎತ್ತರದ ಹುಡುಗರು ಓಡಿ ತಲುಪುವ ಮೊದಲೇ ಇವರು ಆ ತುದಿಯಲ್ಲಿ ಇರಬೇಕು. ಒಟ್ಟು ಮೂರು ಜನ ರೆಫ್ರಿಗಳು, ಒಬ್ಬೊಬ್ಬರಿಗೆ ಅಂಗಳದ ಒಂದೊಂದು ಪಾಲು. ಚೆಂಡು ತನ್ನ ಪಾಲಿನಲ್ಲಿ ಇಲ್ಲದಾಗ ಅದನ್ನು ನೋಡುವ ಆಸೆಯನ್ನು ಅದುಮಿಟ್ಟು, ಚೆಂಡಿಲ್ಲದವರ ಕೈಗಳನ್ನು ಕಾಯಬೇಕು. ನೋಡಿದ್ದು ಅಳೆದು, ತೂಗಿ, ಊದಬೇಕೋ ಬೇಡವೋ ತೀರ್ಮಾನಿಸಲು ಸಿಗುವ ಸಮಯ ಒಂದು ಉಸಿರಿನ ಅರ್ಧ. ಅದೂ ಸಾವಿರಾರು ಜನ ತಮ್ಮ ತಮ್ಮ ತೀರ್ಪನ್ನು ಆಗಲೇ ಕೂಗಿ ಹೇಳುತ್ತಿರುವಾಗ.

ಆಗಸ್ಟಿನ ಆ ಸಂಜೆ ಮಳೆ ಜಿಟಿಜಿಟಿ ಹನಿಯುತ್ತಿತ್ತು. ಆತಿಥೇಯ ತಂಡ ಒಂದು ಅಂಕದಿಂದ ಹಿಂದಿತ್ತು. ಉಳಿದದ್ದು ಕೆಲವೇ ಸೆಕೆಂಡು. ಅವರ ಅಗ್ರ ಆಟಗಾರ ಚೆಂಡು ಹಿಡಿದು ನುಗ್ಗಿದ. ಬುಟ್ಟಿಯ ಕೆಳಗಿದ್ದ ಎದುರಾಳಿ ಎರಡೂ ಕೈ ಎತ್ತಿ ನೆಟ್ಟಗೆ ಮೇಲೆ ಜಿಗಿದ. ಎದೆಗೆ ಎದೆ ಬಡಿಯಿತು. ಅಗ್ರ ಆಟಗಾರ ಕೆಳಗೆ ಬಿದ್ದು ಮೂರು ಮಾರು ಜಾರಿದ. ಚೆಂಡು ಬುಟ್ಟಿಯ ಅಂಚಿಗೆ ತಗುಲಿ ಹೊರಬಿತ್ತು. ಇಡೀ ಸಭಾಂಗಣ ಎದ್ದು ನಿಂತು ಚೀರಿತು. ಎರಡು ಮಾರು ದೂರದಲ್ಲಿ ನದಾಫ ಸರ್. ಬಾಯಲ್ಲಿ ಸೀಟಿ. ಕ್ಯಾಮೆರಾ ಅವರ ಮುಖಕ್ಕೇ ಹೋಯಿತು. ಕೆನ್ನೆ ಉಬ್ಬಲಿಲ್ಲ. ಕಣ್ಣು ಮಾತ್ರ ಅಗಲವಾಗಿತ್ತು. ಊದಲಿಲ್ಲ.

ಸಮಯ ಮುಗಿದ ಗಂಟೆ ಬಾರಿಸಿತು. ಆತಿಥೇಯರು ಸೋತರು. ಆಟಗಾರರು ಸರ್ ಅವರನ್ನು ಮುತ್ತಿಕೊಂಡರು. ಅವರು ಕೈ ಹಿಂದೆ ಕಟ್ಟಿ, ತಲೆ ಎತ್ತಿ, ಒಬ್ಬೊಬ್ಬರನ್ನೂ ಕೇಳಿಸಿಕೊಂಡು, ಒಂದೇ ಒಂದು ವಾಕ್ಯ ಹೇಳಿ ಒಳಗೆ ಹೋದರು. ಮೇಲಿನಿಂದ ಯಾರೋ ನೀರಿನ ಬಾಟಲಿ ಎಸೆದರು. ಅದು ಅವರ ಹೆಗಲಿಗೆ ತಾಗಿತು. ಶಮೀಮ್ ಭಾಬಿ ಟಿವಿ ಬಂದ್ ಮಾಡಿದರು.

“ಏನಾತು? ಯಾಕ ಬಂದ್ ಮಾಡಿದಿ?” ಎಂದರು ಅಮ್ಮ. “ಮ್ಯಾಚ್ ಮುಗೀತ್ರಿ,” ಎಂದರಷ್ಟೇ ಭಾಬಿ.

ಆದರೆ ಆ ದೃಶ್ಯದ ತುಣುಕು ಮರುದಿನದ ಹೊತ್ತಿಗೆ ಊರೂರು ತಿರುಗಿತ್ತು. ‘ಕುರುಡ ರೆಫ್ರಿ’ ಎಂದು ಬರೆದು ಕಣ್ಣಿಗೆ ಕಪ್ಪು ಪಟ್ಟಿ ಹಚ್ಚಿದ ಫೋಟೊ ನಮ್ಮ ಸಂಶಿಯ ವಾಟ್ಸಾಪ್ ಗುಂಪಿಗೂ ಬಂತು. ಅಂಗಡಿಗೆ ಬಂದ ಗಿರಾಕಿಯೊಬ್ಬ ಅದನ್ನು ಓದಿ ಹೇಳಿದಾಗ ಕೈ ಅಂದಾಜಿನಲ್ಲೇ ಗಾದಿ ಹೊಲಿಯುತ್ತಿದ್ದ ಅಮ್ಮ ಸೂಜಿ ಕೆಳಗಿಟ್ಟರು. “ಕುರುಡಿ ನಾ ಅದೇನಪಾ, ಅಂವ ಅಲ್ಲ,” ಎಂದರು. “ನನ್ನ ಸೂಜಿಗೆ ದಾರಾ ಏರಸಾಂವ ಅಂವ.”

ನನಗೂ ಅನುಮಾನ ಹತ್ತಿತ್ತು ಎಂದು ಹೇಳಿಬಿಡುತ್ತೇನೆ. ಅಷ್ಟು ಜೋರಾಗಿ ಬಿದ್ದ ಮನುಷ್ಯ. ಊದಬೇಕಿತ್ತೋ ಏನೋ. ಆ ರಾತ್ರಿ ಸಂಶಿಯ ಬಾಡಿಗೆ ಕೋಣೆಯಲ್ಲಿ ಕೂತು ಇಡೀ ಪಂದ್ಯವನ್ನು ಮೊದಲಿನಿಂದ ಮತ್ತೆ ಹಾಕಿದೆ. ಈ ಸಲ ನದಾಫ ಸರ್ ಅವರನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಪಂದ್ಯದ ಮೂರನೇ ನಿಮಿಷದಲ್ಲೇ ಅಂಥದೇ ಡಿಕ್ಕಿ ಒಂದು ಸಿಕ್ಕಿತು. ಇನ್ನೊಂದು ತುದಿಯಲ್ಲಿ, ಅಂಗಡಿಯಲ್ಲಿ ಯಾರಿಗೂ ನೆನಪುಳಿಯದಂಥದ್ದು. ಆಗ ಆತಿಥೇಯರ ಆಟಗಾರ ನೆಟ್ಟಗೆ ಜಿಗಿದಿದ್ದ, ಎದುರಾಳಿ ತಂಡದವನು ಬಿದ್ದಿದ್ದ. ಸರ್ ಊದಿರಲಿಲ್ಲ. ಎರಡನೇ ಅವಧಿಯಲ್ಲಿ ಮತ್ತೊಂದು, ಊದಿಲ್ಲ. ಮೂರನೆಯದರಲ್ಲಿ ಜಿಗಿದವನ ಕೈ ಒಂದು ಗೇಣು ಮುಂದಕ್ಕೆ ಬಾಗಿತ್ತು. ಥಟ್ಟನೆ ಸೀಟಿ. ಕೊನೆಯದಕ್ಕೆ ಮತ್ತೆ ಮೌನ. ಹಾಕಿ ಹಾಕಿ ನೋಡಿದೆ. ದಣಿವು, ಮೊಣಕಾಲು, ಒಂದು ಅಂಕದ ಅಂತರ, ಸಾವಿರಾರು ಗಂಟಲು, ಯಾವುದೂ ಆ ಕಣ್ಣಿನ ಅಳತೆಯನ್ನು ಒಂದು ಕೂದಲಿನಷ್ಟೂ ಸರಿಸಿರಲಿಲ್ಲ. ಮೂರನೇ ನಿಮಿಷದಲ್ಲಿ ಯಾವ ಕಾನೂನೋ ಕೊನೆಯ ಸೆಕೆಂಡಿನಲ್ಲೂ ಅದೇ ಕಾನೂನು. ಮನುಷ್ಯನಿಂದ ಇಂಥದ್ದು ಆಗುತ್ತದೆಂದು ಆವರೆಗೆ ನನಗೆ ಗೊತ್ತಿರಲಿಲ್ಲ.

ನಾಲ್ಕು ದಿನ ಬಿಟ್ಟು ಸರ್ ರಜೆಗೆ ಊರಿಗೆ ಬಂದರು. ಓಡಿ ಹೋದೆ. ಗಾದಿ ಅಂಗಡಿಯ ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಮುಖ ಬಾಡಿತ್ತು. “ಸರ್, ಆ ಕಡೀ ಸೆಕೆಂಡಿಂದು ನಾ ನೋಡಿದ್ನಿರಿ. ನೀವು ಅಗದಿ ಬರೋಬ್ಬರಿ ಇದ್ರಿ,” ಎಂದೆ ಏದುಸಿರಿನಲ್ಲಿ.

“ಅದ? ಅದು ಬಿಡ್ರಿ. ಅದು ಸರಿ ಅಂತ ಲೀಗಿನವರೂ ಬರದು ಕಳಿಸ್ಯಾರ. ಇಲ್ಲಿ ನೋಡ್ರಿ.”

ತೋರಿಸಿದ್ದು ಎರಡನೇ ಅವಧಿಯ ಒಂದು ತುಣುಕು. ಹೊಸದಾಗಿ ತಂಡ ಸೇರಿದ್ದ ಆಟಗಾರನೊಬ್ಬ ಚೆಂಡು ಹಿಡಿದು ಎರಡು ಹೆಜ್ಜೆಯಲ್ಲಿ ತಿರುಗಿ ಹೊರಟಿದ್ದ. ಸರ್ ಸೀಟಿ ಊದಿ, ಹೆಜ್ಜೆ ಹೆಚ್ಚಾಯಿತೆಂದು ಚೆಂಡು ಕಸಿದು ಎದುರಾಳಿಗೆ ಕೊಟ್ಟಿದ್ದರು. ನಿಧಾನಗತಿಯಲ್ಲಿ ಏಳೆಂಟು ಸಲ ಹಿಂದೆ ಮುಂದೆ ಓಡಿಸಿದರು. “ಎಣಸ್ರಿ. ಎರಡ ಹೆಜ್ಜಿ, ಅಷ್ಟು ನಡೀತೈತಿ. ಅವನ ಕಾಲು ತಪ್ಪಿಲ್ಲ, ನನ್ನ ಕಣ್ಣು ತಪ್ಪೇತಿ.”

“ಇದರ ಬಗ್ಗೆ ಯಾರಾದ್ರೂ ಕೇಳಿದ್ರೇನ್ರಿ?”

“ಇಲ್ಲ. ನಾನ ಲೀಗಿನವರಿಗೆ ಬರದು ತಿಳಿಸೇನಿ. ಆ ಹುಡುಗಗ ನಾ ಫೋನ್ ಮಾಡೂ ಹಂಗಿಲ್ಲ, ಲೀಗಿನ ನೇಮ ಇರ್ತೈತಿ.” ಪರದೆಯನ್ನು ಆ ಆಟಗಾರನ ಮುಖದ ಮೇಲೆ ನಿಲ್ಲಿಸಿದ್ದರು. ಅವನು ಸರ್ ಕಡೆ ತಿರುಗಿ ನೋಡುತ್ತಿದ್ದ. “ವರ್ಷಗಟ್ಟಲೆ ಬೆವರು ಸುರಿಸಿ ಇಂವ ಆ ಅಂಗಳಕ್ಕ ಬಂದಿರ್ತಾನ. ಆವತ್ತ ಆಡಾಕ ಸಿಕ್ಕಿದ್ದು ನಾಕ ನಿಮಿಷ. ಅದರಾಗ ಒಂದು ಚಾನ್ಸ್ ನಾ ಕಸಗೊಂಡೆ.”

ದೇಶವೆಲ್ಲ ಬೈದದ್ದು ಆ ಮನುಷ್ಯನಿಗೆ ತಾಗಿರಲಿಲ್ಲ. ಯಾರೂ ಗಮನಿಸದ ಒಂದು ಸೀಟಿ ನಾಲ್ಕು ದಿನದಿಂದ ಅನ್ನ ಒಲ್ಲದಂತೆ ಮಾಡಿತ್ತು. ಶಮೀಮ್ ಭಾಬಿ ಚಹಾ ತಂದಿಟ್ಟು, “ಇವರು ಮ್ಯಾಚ್ ಮುಗಿಸಿ ಬಂದಾಗೆಲ್ಲಾ ಹಿಂಗರಿ,” ಎಂದರು. “ಯಾರರ ತೀರಿಕೊಂಡಂಗ ಕುಂದರ್ತಾರ.”

“ಹಂಗಾದ್ರ ಎಲ್ಲಾ ಸರಿ ಊದೂದು ಯಾವಾಗ್ರಿ ಸರ್?” ಎಂದು ಕೇಳಿದೆ.

“ಎಲ್ಲಾ ಸರಿ ಊದಿದಾಂವ ಇನ್ನಾ ಹುಟ್ಟಿಲ್ಲವಾ ತಂಗಿ,” ಎಂದರು. ಅವರು ನನ್ನನ್ನು ತಂಗಿ ಎಂದದ್ದು ಅದೇ ಮೊದಲು. “ಎಲ್ಲಾರಿಗೂ ಒಂದ ಅಳತಿ ಹಿಡಿಯೂದು, ಅದು ನಮ್ಮ ಕೈಯಾಗ ಐತಿ. ತಪ್ಪಾತು ಅಂತ ಗೊತ್ತಾದ್ರ ಒಪ್ಪಿಕೊಳ್ಳೂದು. ಅದನ್ನೂ ಬಿಟ್ಟರ ಸೀಟಿ ಯಾಕ ಬೇಕು?”

ಮುಂದಿನ ತಿಂಗಳು ಅವರಿಗೆ ಸೆಮಿಫೈನಲ್ ಕೊಟ್ಟರು. ಫೈನಲ್ ಸಿಗಲಿಲ್ಲ. ಸೆಮಿಫೈನಲ್ ಮುಗಿದಾಗ ಹುಸೇನಬಿ ಅಮ್ಮನಿಗೆ ಬಹಳ ಬೇಸರ. “ಒಂದು ಸಲನೂ ನಿನ್ನ ಮುಖಾ ತೋರಸಲಿಲ್ಲಂತಲ್ಲೋ,” ಎಂದು ಫೋನಿನಲ್ಲಿ ಮಗನಿಗೇ ದೂರಿದರು. ಆ ಕಡೆಯಿಂದ ನದಾಫ ಸರ್ ಜೋರಾಗಿ ನಗುವುದು ಅಂಗಡಿಯವರಿಗೆಲ್ಲ ಕೇಳಿಸಿತು.

ಅಕ್ಟೋಬರಿನಲ್ಲಿ ಅಣ್ಣಿಗೇರಿಯಲ್ಲಿ ಜಿಲ್ಲೆಯ ಶಾಲಾ ಹುಡುಗಿಯರ ಪಂದ್ಯಗಳು. ನಮ್ಮ ಸಂಶಿ ತಂಡ ಮೊದಲ ಸುತ್ತಿನಲ್ಲೇ ಸೋತಿತ್ತು. ಅಷ್ಟೊತ್ತಿಗೆ ನಾನೂ ರೆಫ್ರಿ ಪರೀಕ್ಷೆಯ ಮೊದಲ ಮೆಟ್ಟಿಲು ಪಾಸಾಗಿದ್ದೆ. ಫೈನಲ್ಲಿಗೆ ಇಬ್ಬರು ರೆಫ್ರಿ ಬೇಕು. ನದಾಫ ಸರ್ ಒಬ್ಬರು. ಇನ್ನೊಬ್ಬರಿಗೆ ಜ್ವರ ಬಂತು. “ನಮ್ಮ ಸುಧಾ ಟೀಚರ ಅದಾರಲ್ಲ,” ಎಂದುಬಿಟ್ಟರು ಸರ್. ನಾನು ಸೀಟಿ ಕೊರಳಿಗೆ ಹಾಕಿಕೊಂಡೆ.

ಆಡುತ್ತಿದ್ದದ್ದು ಅಣ್ಣಿಗೇರಿ ಮತ್ತು ತಿರ್ಲಾಪುರದ ತಂಡಗಳು. ಗೆದ್ದವರು ಮುಂದಿನ ಹಂತಕ್ಕೆ. ತಿರ್ಲಾಪುರದ ನಾಯಕಿ ರೇಣುಕಾ, ಒಂಬತ್ತನೇ ತರಗತಿಯ ಹುಡುಗಿ. ಎತ್ತರ, ಎರಡು ಜಡೆ ಮಡಚಿ ಕಟ್ಟಿದ್ದಳು. ಮಾತು ಕಡಿಮೆ. ಆ ತಂಡದ ಆಟ ಅರ್ಧಕ್ಕರ್ಧ ಅವಳೇ.

ಎರಡನೇ ಅವಧಿ. ಬಿಸಿಲು ಚುರುಗುಟ್ಟುತ್ತಿತ್ತು. ಅಣ್ಣಿಗೇರಿ ಹುಡುಗಿಯೊಬ್ಬಳು ಚೆಂಡು ಪುಟಿಸುತ್ತ ನುಗ್ಗಿದಳು. ರೇಣುಕಾಳಿಗೆ ಬಡಿದಳು. ಇಬ್ಬರೂ ಬಿದ್ದರು. ನಾನು ಸೀಟಿ ಊದಿ ರೇಣುಕಾಳತ್ತ ಕೈ ತೋರಿಸಿದೆ. ತೋರಿಸಿದ ಆ ಗಳಿಗೆಯಲ್ಲೇ ತಿಳಿಯಿತು: ರೇಣುಕಾ ನಿಂತಿದ್ದಳು. ಎರಡೂ ಕಾಲು ಊರಿದ್ದವು. ನಾನು ಚೆಂಡು ನೋಡಿದ್ದೆ.

ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು, ಎದ್ದು ಮೊಣಕೈ ಒರೆಸಿಕೊಂಡು ತನ್ನ ಜಾಗಕ್ಕೆ ಹೋದಳು. ಅದು ಅವಳ ಮೂರನೇ ಫೌಲ್. ಐದಾದರೆ ಹೊರಗೆ.

ಅರ್ಧ ವಿರಾಮದಲ್ಲಿ ನದಾಫ ಸರ್ ನೀರಿನ ತಂಬಿಗೆ ಕೊಟ್ಟು, “ಗೊತ್ತಾತಿಲ್ಲೋ?” ಎಂದರು.

“ಆತ್ರಿ. ಆ ಕೂಡ್ಲೇನ ಗೊತ್ತಾತು.”

“ಈಗ ಏನ್ ಮಾಡಾಕಿ?”

“ಹೆಂಗರ ಮಾಡಿ ಸರಿ ಮಾಡ್ತೇನ್ರಿ.”

“ಹೆಂಗ? ತಿರ್ಲಾಪುರದವರಿಗೆ ಒಂದು ಪುಕ್ಕಟೆ ಊದತೀ?” ನಾನು ತಲೆ ತಗ್ಗಿಸಿದೆ. ಅದೇ ಮನಸ್ಸಿನಲ್ಲಿತ್ತು. “ಹಂಗಾದ್ರ ಈ ಅಣ್ಣಿಗೇರಿ ಹುಡುಗ್ಯಾರು ಏನ್ ಪಾಪಾ ಮಾಡ್ಯಾರ? ಆಗಿದ್ದು ಆತು. ಅದರ ಭಾರ ನೀನ ಹೊತಗೊಂಡು ಓಡು. ಅವರ ಮ್ಯಾಲ ಹಾಕಬ್ಯಾಡ.”

ಉಳಿದ ಇಪ್ಪತ್ತು ನಿಮಿಷ ಓಡಿದಷ್ಟು ಭಾರವಾಗಿ ನಾನು ಜನ್ಮದಲ್ಲಿ ಓಡಿಲ್ಲ. ಮೂರನೇ ಅವಧಿಯಲ್ಲಿ ರೇಣುಕಾಳಿಗೆ ನಾಲ್ಕನೇ ಫೌಲ್ ಬಿತ್ತು, ಸರ್ ಊದಿದ್ದು, ಸರಿಯಾದದ್ದೇ. ಪಂದ್ಯ ಮುಗಿಯಲು ಎರಡು ನಿಮಿಷವಿರುವಾಗ ತಿರ್ಲಾಪುರ ಮೂರು ಅಂಕ ಮುಂದಿತ್ತು. ಅಣ್ಣಿಗೇರಿಯ ಹುಡುಗಿ ಬುಟ್ಟಿಗೆ ಎಸೆಯಲು ಜಿಗಿದಳು. ಹಿಂದಿನಿಂದ ಬಂದ ರೇಣುಕಾಳ ಕೈ ಅವಳ ಮಣಿಕಟ್ಟಿಗೆ ತಗುಲಿತು. ಸಣ್ಣದೇ. ಆದರೆ ತಗುಲಿದ್ದು ನಿಜ, ಮೊದಲಿನಿಂದ ಅಂಥದ್ದನ್ನೆಲ್ಲ ನಾನು ಫೌಲ್ ಎಂದೇ ಊದಿದ್ದೆ. ನನ್ನ ಪಾಲಿನ ಜಾಗ, ನನ್ನ ಕಣ್ಣೆದುರು, ನನ್ನಿಂದ ಮೂರು ಹೆಜ್ಜೆಗೆ. ಸರ್ ಆ ತುದಿಯಲ್ಲಿದ್ದರು, ಅವರಿಗೆ ಬೆನ್ನುಗಳಷ್ಟೇ ಕಾಣುತ್ತಿದ್ದವು. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ತಪ್ಪು ಇಲ್ಲದಿದ್ದರೆ ಇದು ಅವಳ ನಾಲ್ಕನೆಯದಾಗುತ್ತಿತ್ತು ಎಂದು ಎದೆಯೊಳಗೆ ಒಂದು ದನಿ ಕೂಗುತ್ತಿತ್ತು.

ಊದಿದೆ. ಐದು ಬೆರಳು ಎತ್ತಿ ತೋರಿಸಿದೆ.

ರೇಣುಕಾ ಹೊರಗೆ ಹೋಗಿ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೂತಳು. ತಿರ್ಲಾಪುರ ಒಂದು ಅಂಕದಿಂದ ಸೋತಿತು. ಅವರ ತರಬೇತುದಾರರು ಅಂಕಪಟ್ಟಿಗೆ ಸಹಿ ಹಾಕುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಪೆನ್ನನ್ನು ಮೇಜಿನ ಮೇಲೆ ಒಗೆದು ಹೋದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.

ಹುಡುಗಿಯರು ಬೇವಿನ ಗಿಡದ ಕೆಳಗೆ ಕೂತು ಬೂಟು ಬಿಚ್ಚುತ್ತಿದ್ದರು. ಇಬ್ಬರು ಅಳುತ್ತಿದ್ದರು. ಹೋಗಿ ರೇಣುಕಾಳ ಎದುರು ಕುಕ್ಕರಗಾಲಲ್ಲಿ ಕೂತೆ. “ನಿನ್ನ ಮೂರನೇ ಫೌಲ್ ಫೌಲ್ ಅಲ್ಲವಾ. ನೀ ನಿಂತಿದ್ದಿ. ತಪ್ಪು ನಂದು,” ಎಂದೆ.

“ಗೊತ್ತೈತ್ರಿ ಟೀಚರ,” ಎಂದಳು. ಬೂಟಿನ ದಾರ ಬಿಚ್ಚುವುದನ್ನು ನಿಲ್ಲಿಸಲಿಲ್ಲ. “ಆಮ್ಯಾಲ ನೀವು ನಮ್ಮ ಕಡೆ ಏನರ ಊದತೀರೇನೋ ಅಂತ ನಾ ನೋಡಾಕತ್ತಿದ್ದೆ. ಊದಲಿಲ್ಲ. ಐದನೇದು ನನ್ನ ಕೈ ಹತ್ತಿತ್ರಿ, ಅದು ಖರೇನ.” ಆಮೇಲೆ ತಲೆ ಎತ್ತಿದಳು. ಕಣ್ಣು ಕೆಂಪಗಿದ್ದವು. “ಮುಂದಿನ ವರ್ಷ ನಾ ಹತ್ತನೇತ್ತೆ ಇರ್ತೇನ್ರಿ. ನಮ್ಮ ಮ್ಯಾಚಿಗೆ ನೀವ ಬರ್ರಿ.”

ವಾಪಸು ಬರುವಾಗ ಹುಬ್ಬಳ್ಳಿ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕಿತು. ಹೊರಗೆ ಎರೆಹೊಲಗಳಲ್ಲಿ ಕಡಲೆ ಬಿತ್ತಲು ಹದ ಮಾಡುತ್ತಿದ್ದರು. ನದಾಫ ಸರ್ ಕಣ್ಣು ಮುಚ್ಚಿ ಮೊಣಕಾಲು ತಿಕ್ಕಿಕೊಳ್ಳುತ್ತಿದ್ದರು. ಆ ಹುಡುಗಿ ಹೇಳಿದ್ದನ್ನು ಅವಳ ಮಾತಿನಲ್ಲೇ ಹೇಳಿದೆ. ಅವರ ಕೈ ಮೊಣಕಾಲಿನ ಮೇಲೆ ಹಾಗೇ ನಿಂತಿತು. ನಿದ್ದೆ ಹತ್ತಿತೇನೋ ಎಂದುಕೊಂಡೆ.

“ಮುಂದಿನ ವರ್ಷನೂ ನೀವ ಬರ್ರಿ ಅಂದ್ಲು?”

“ಹೌದ್ರಿ.”

ಅವರು ಕಿಟಕಿಯತ್ತ ಮುಖ ತಿರುಗಿಸಿದರು. “ಇಪ್ಪತ್ತೆರಡು ವರ್ಷ ಊದೇನಿ ತಂಗಿ,” ಎಂದರು. “ಆಡೂ ಮಂದಿ ಪೈಕಿ ಒಬ್ಬರೂ ನನಗ ಹಂಗ ಕರದಿಲ್ಲ.”